ಸದ್ದಡಗಿಸುವ ಪೆಟ್ಟಿಗೆ ಮತ್ತು ಬಸಣ್ಣನ ಕಿವಿ

ಗದ್ದಲವೆಂದರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಗಾಂಧಿನಗರದ ನಮ್ಮ ಮನೆಯಲ್ಲಿ ಮಿಕ್ಸರ್ ತಿರುಗಿದರೆ ಎದ್ದು ಅಂಗಳಕ್ಕೆ ಹೋಗುತ್ತೇನೆ. ಅಲ್ಲಿ ಲಾರಿಯ ಹಾರ್ನ್ ಕೇಳಿದರೆ ಮತ್ತೆ ಒಳಗೆ ಬರುತ್ತೇನೆ. “ನಿಮಗ ಸುಡುಗಾಡಾಗ ಒಂದು ಖೋಲಿ ಕಟ್ಟಿಸಿಕೊಡ್ಬೇಕು ನೋಡ್ರಿ” ಎಂದು ಹೆಂಡತಿ ಅನ್ನುತ್ತಿದ್ದಳು. ಈಚೆಗೆ ಆ ತಮಾಷೆ ಬಿಟ್ಟಿದ್ದಾಳೆ.

ಇಂಥವನು ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರಾದರೆ ಏನು ಮಾಡುತ್ತಾನೆ? ಸದ್ದಿನಿಂದಲೇ ಸದ್ದನ್ನು ಕೊಲ್ಲುವ ಪಾಠ ಹೇಳುತ್ತಾನೆ. ಸದ್ದೆಂದರೆ ಗಾಳಿಯ ಒತ್ತಡದ ಏರಿಳಿತ. ಅದು ಏರುವಾಗ ಇಳಿಯುವ, ಇಳಿಯುವಾಗ ಏರುವ ಇನ್ನೊಂದು ಸದ್ದನ್ನು ಸ್ಪೀಕರಿನಿಂದ ಬಿಟ್ಟರೆ ಎರಡೂ ಸೇರಿ ಸುಮ್ಮನಾಗುತ್ತವೆ. ಎಷ್ಟು ಬಿಡಬೇಕೆನ್ನುವುದೇ ಕಷ್ಟ. ಅದಕ್ಕೆ ಸದ್ದು ಹೊರಬರುವ ಕೊಳವೆಯ ತುದಿಯಲ್ಲೊಂದು ಮೈಕ್ ಇಡುತ್ತೇವೆ. ಸಾರಿನ ರುಚಿ ನೋಡುತ್ತ ಉಪ್ಪು ಹಾಕುವವರ ಹಾಗೆ ಯಂತ್ರ ಉಳಿದ ಸದ್ದನ್ನು ಕೇಳುತ್ತ, ತಿದ್ದುತ್ತ, ಮತ್ತೆ ಕೇಳುತ್ತದೆ. ಹೊಸ ಸದ್ದು ಬಂದರೆ ಅದನ್ನೂ ತಾನೇ ಕಲಿತು ಅಡಗಿಸುತ್ತದೆ. ತರಗತಿಯಲ್ಲಿ ಈ ಮಾತು ಹೇಳುವಾಗ ನನ್ನ ಎದೆ ಉಬ್ಬುತ್ತಿತ್ತು.

ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಹೊಟ್ಟು ಊದುವ ದೊಡ್ಡ ಬ್ಲೋವರ್ ಇತ್ತು. ಅದರ ಗಾಳಿಕೊಳವೆಯ ಮೊರೆತ ತಾಳಲಾರದೆ ಓಣಿಯವರು ಜಗಳಕ್ಕೆ ಬಂದಿದ್ದರು. ಮಾಲೀಕರು ನನ್ನನ್ನು ಕರೆಸಿದರು. ಪೆಟ್ಟಿಗೆ, ಸ್ಪೀಕರು, ಮೈಕು ಹೊತ್ತುಕೊಂಡು ಗಂಡಿನ ಕಡೆಯ ಬೀಗರ ಗತ್ತಿನಲ್ಲಿ ಹೋದೆ.

ಆ ಬ್ಲೋವರನ್ನು ನೋಡಿಕೊಳ್ಳುತ್ತಿದ್ದವನು ಕುರುಗೋಡಿನ ಬಸಣ್ಣ. ದಿನಾ ಬೆಳಿಗ್ಗೆ ಬ್ಲೋವರ್ ಶುರುವಾದ ಮೇಲೆ ತಗಡಿನ ಕೊಳವೆಗೆ ಕಿವಿಯಿಟ್ಟು ನಿಲ್ಲುವುದು ಅವನ ಪದ್ಧತಿ. ಬ್ಲೋವರಿನೊಳಗೆ ತಿರುಗುವ ರೆಕ್ಕೆ ಸಡಿಲಾದರೆ ಅವನಿಗೆ ಅಲ್ಲೇ ತಿಳಿಯುತ್ತಿತ್ತು. ಎಲ್ಲ ಸರಿಯಿದ್ದರೆ ಕೈ ಎತ್ತುವನು. ಆಮೇಲೆಯೇ ತೆಕ್ಕಲಕೋಟೆಯ ಈರಮ್ಮ ಬ್ಲೋವರ್ ಪಕ್ಕದ ಹೊಟ್ಟು ಗುಡಿಸಲು ಹೋಗುವಳು. ನಾನು ಸ್ಪೀಕರನ್ನು ಬ್ಲೋವರಿಗೂ ಅವನು ಕಿವಿಯಿಡುವ ಜಾಗಕ್ಕೂ ನಡುವೆ ಕೂರಿಸಿದೆ, ಅಲ್ಲಿ ಏಣಿ ಇಡಲು ಸಲೀಸು ಎಂಬ ಒಂದೇ ಕಾರಣಕ್ಕೆ. ಅವನನ್ನೊಂದು ಮಾತು ಕೇಳಬೇಕೆಂದು ತೋಚಲಿಲ್ಲ.

ಮೊರೆತ ನಿಂತಿತು. “ಕಿವಿ ತಣ್ಣಗಾದ್ವು ನೋಡ್ರಿ ಸಾರ್” ಎಂದು ಬಸಣ್ಣನೇ ಹೊಗಳಿದ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವನು ಕಿವಿಯಿಟ್ಟ, ಕೇಳಿದ, ಕೈ ಎತ್ತಿದ. ಈರಮ್ಮ ಪೊರಕೆ ಹಿಡಿದು ಹೋದಳು. ಸಡಿಲಾಗಿದ್ದ ರೆಕ್ಕೆ ತಗಡು ಸೀಳಿಕೊಂಡು ಹೊರಬಂತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಜೀವ ಹೋಗಿತ್ತು.

ಗಿರಣಿಯವರೆಲ್ಲ ಬಸಣ್ಣನ ಕಿವಿಯ ಮೇಲೆ ತಪ್ಪು ಹೊರಿಸಿದರು. ನಾನು ಪೆಟ್ಟಿಗೆ ಬಿಚ್ಚಿ ತಂದು, ಅದು ಏನೇನು ಅಡಗಿಸಿತೆಂಬ ದಾಖಲೆ ತೆರೆದೆ. ನಾಲ್ಕು ದಿನಗಳಿಂದ ಸಡಿಲಾದ ರೆಕ್ಕೆಯ ಹೊಸದೊಂದು ಮಿಡಿತ ಕೊಳವೆಯಲ್ಲಿ ಬೆಳೆಯುತ್ತ ಬಂದಿತ್ತು. ಪೆಟ್ಟಿಗೆ ಅದನ್ನು ಚೊಕ್ಕವಾಗಿ ಕಲಿತು ಅಳಿಸುತ್ತ ಬಂದಿತ್ತು. ಮೊದಲ ಕ್ಷಣ ನನಗಾದದ್ದು ಹೆಮ್ಮೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ಎರಡನೆಯ ಕ್ಷಣದಿಂದ ಇವತ್ತಿನವರೆಗೂ ಸರಿಯಾಗಿ ಉಂಡಿಲ್ಲ.

ಕುರುಗೋಡಿಗೆ ಹೋದೆ. ಬಸಣ್ಣ ಕೆಲಸ ಬಿಟ್ಟು ಮನೆಯ ಕಟ್ಟೆಯ ಮೇಲೆ ಕೂತಿದ್ದ. “ನನ್ನ ಕಿವಿ ಸತ್ತಾವ್ರಿ ಸಾರ್. ಆಕಿನ್ನ ಒಳಗ ಕಳಿಸಿದೋನು ನಾನೇ” ಅಂದ. ನಾನು ದಾಖಲೆಯ ವಿಷಯ ಪೂರ್ತಿ ಹೇಳಿದೆ. ಬೈಯುತ್ತಾನೆಂದು ಕಾದೆ. ಅವನು ಎರಡೂ ಕಿವಿಗಳನ್ನು ಮುಟ್ಟಿ ನೋಡಿಕೊಂಡ.

“ಪೆಟ್ಟಿಗಿ ಇಲ್ದಿದ್ರ ನನಗ ಕೇಳ್ತಿತ್ತೇನ್ರಿ?”

“ಕೇಳ್ತಿತ್ತು, ಬಸಣ್ಣ.”

ಅವನು ಬಹಳ ಹೊತ್ತು ಅತ್ತ. ಆಮೇಲೆ, “ಇದನ್ನ ಈರಮ್ಮನ ಮಗಳ ಮುಂದ ಒಂದ್ಸಲ ಹೇಳ್ರಿ ಸಾರ್. ಆಕಿ ನನ್ನ ಮಾರಿನೂ ನೋಡಂಗಿಲ್ಲ” ಅಂದ.

ಹೇಳುತ್ತೇನೆ ಎಂದೆ. ತಿಂಗಳಾಯಿತು. ತೆಕ್ಕಲಕೋಟೆಯೇನು ದೂರವಲ್ಲ. ಎರಡು ಸಲ ಬಸ್ಸು ಹತ್ತಿ, ಅವಳ ಓಣಿಯ ತನಕ ಹೋಗಿ, ಚಹಾ ಕುಡಿದು ತಿರುಗಿ ಬಂದಿದ್ದೇನೆ. ಗಂಟೆಗಟ್ಟಲೆ ಪಾಠ ಹೇಳುವವನಿಗೆ ಅಲ್ಲಿ ಬಾಯಿ ಬರುವುದಿಲ್ಲ. ಅದಕ್ಕೇ ಮೊದಲು ನಿಮ್ಮ ಮುಂದೆ ಹೇಳಿ ಅಭ್ಯಾಸ ಮಾಡಿಕೊಳ್ಳೋಣ ಅಂದುಕೊಂಡೆ. ನೀವೂ ಸಮಾಧಾನದಿಂದ ಕೇಳಿದಿರಿ. ಆದರೆ ಇದರಿಂದ ಧೈರ್ಯ ಬಂತೆಂದು ನಾನು ಹಿಗ್ಗುವಂತಿಲ್ಲ; ಸತ್ತದ್ದು ನಿಮ್ಮ ತಾಯಿಯಲ್ಲ.