ಜನವರಿ ಒಂದರ ಫೋಟೋಗಳು

ನಮ್ಮ ಮನೆತನದ ಇಪ್ಪತ್ತು ವರ್ಷದ ಫೋಟೋಗಳು ಒಂದು ಚಕ್ಕುಲಿ ಡಬ್ಬಿಯಲ್ಲಿ ಹಿಡಿಸಿದ್ದವು. ಏಳು ಮೆಮೊರಿ ಕಾರ್ಡು, ಮೂರು ಪೆನ್‌ಡ್ರೈವು, ಜೀವ ಹೋದ ನಾಲ್ಕು ಫೋನು, ಅಕ್ಕನ ಮದುವೆಯ ಎರಡು ಸಿಡಿ, ಯಾವುದಕ್ಕೂ ಹೊಂದದ ಒಂದು ಚಾರ್ಜರು. ಮಸ್ಕಿಯ ತವರುಮನೆಯಲ್ಲಿ ವರ್ಷಗಟ್ಟಲೆ ಮೂಲೆ ಹಿಡಿದು ಕುಳಿತಿದ್ದ ಆ ಡಬ್ಬಿಯನ್ನೂ ನಮ್ಮವ್ವನನ್ನೂ ಈ ಬೇಸಿಗೆ ರಜೆಯಲ್ಲಿ ಒಂದೇ ಬಸ್ಸಿಗೆ ಹತ್ತಿಸಿ ಸಿಂಧನೂರಿಗೆ ಕರೆತಂದೆ.

"ಈ ಕಸಾ ಎಲ್ಲಾ ಯಾಕ ಹೊತ್ಕೊಂಡು ಹೊಂಟೀ ಬೇ?" ಎಂದು ಅವ್ವ ಬಸ್ಸಿನಲ್ಲಿ ಕೇಳಿದಳು.

"ಕಸಾ ಅಲ್ಲವ್ವ. ಇದರಾಗ ನೀ ಅದಿ, ನಿನ್ನ ಮಕ್ಕಳು ಅದಾರ, ಮೊಮ್ಮಕ್ಕಳು ಅದಾರ."

"ಹಂಗಾದ್ರ ಡಬ್ಬಿ ನೆಟ್ಟಗ ಹಿಡಿ," ಎಂದಳು.

ನಾನು ಬಳಗಾನೂರಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವಳು. ಅಡ್ಡಾದಿಡ್ಡಿ ಬಿದ್ದದ್ದು ಏನೇ ಕಂಡರೂ ನನ್ನ ಕೈ ಸುಮ್ಮನಿರುವುದಿಲ್ಲ. ಮಗಳು ರಜೆಗೆಂದು ಹಟ್ಟಿಗೆ ಹೋಗಿದ್ದಳು, ಅವ್ವನ ತಂಗಿ, ಅಂದರೆ ನನ್ನ ಚಿಕ್ಕಮ್ಮನ ಮನೆಗೆ. ಚಿಕ್ಕಪ್ಪ ಚಿನ್ನದ ಗಣಿಯಲ್ಲಿ ಪಾಳಿ ಕೆಲಸದವನು. ಅವರ ಕಂಪನಿ ಕ್ವಾರ್ಟರ್ಸು ಅಂದರೆ ನನ್ನ ಮಗಳಿಗೆ ಪ್ರಾಣ. ಮನೆ ಖಾಲಿ, ನಾನು ಖಾಲಿ. ವರ್ಷಕ್ಕೊಂದು ಫೋಲ್ಡರು, ತಿಂಗಳಿಗೊಂದು ಫೋಲ್ಡರು, ಎಲ್ಲವೂ ಒಂದು ಹೊಸ ಹಾರ್ಡ್‌ಡಿಸ್ಕಿನಲ್ಲಿ. ಒಂದು ವಾರದಲ್ಲಿ ಮುಗಿಸಿಬಿಡುತ್ತೇನೆ ಎಂದು ಬೀಗುತ್ತ ಕುಳಿತೆ.

ಮೊದಲ ದಿನವೇ ಸೊಕ್ಕು ಮುರಿಯಿತು. ಕಾರ್ಡುಗಳನ್ನೆಲ್ಲ ಲ್ಯಾಪ್‌ಟಾಪಿಗೆ ಸುರಿದರೆ ಹದಿನೆಂಟು ಸಾವಿರಕ್ಕೂ ಮೇಲೆ! ಅದರಲ್ಲಿ ಅರ್ಧಕ್ಕರ್ಧ ಶುಭೋದಯದ ಗುಲಾಬಿ ಹೂವು, ಗೊಬ್ಬರದ ಚೀಲದ ಮೇಲಿನ ಬರಹ, ಕರೆಂಟಿನ ಮೀಟರು. ನಮ್ಮ ತಮ್ಮ ಒಂದೇ ಹೋರಿಯನ್ನು ಮೂವತ್ತೊಂದು ಸಲ ತೆಗೆದಿದ್ದ. "ಲಗ್ನದಾಗ ಹೆಣತಿನ್ನ ಇಷ್ಟು ತೆಗೆದಿಲ್ಲಲ್ಲವ್ವ ಇವ!" ಎಂದೆ. "ಹೋರಿ ಸುಮ್ನ ನಿಂದರತೈತಿ," ಎಂದಳು ಅವ್ವ.

ಲ್ಯಾಪ್‌ಟಾಪಿನಲ್ಲಿ ಮುಖ ನೋಡಿ ಮಂದಿಯನ್ನು ಬೇರ್ಪಡಿಸುವ ವ್ಯವಸ್ಥೆಯೊಂದಿತ್ತು. ಭಾರಿ ಆಸೆಯಿಂದ ಅದನ್ನು ಚಾಲೂ ಮಾಡಿದೆ. ಅದು ನಮ್ಮ ಅಜ್ಜ, ಅಪ್ಪ, ದೊಡ್ಡಪ್ಪ, ಓಣಿಯ ಮಠದ ಅಯ್ಯನವರು ಎಲ್ಲರನ್ನೂ ಒಟ್ಟು ಮಾಡಿ ಒಬ್ಬನೇ ಮನುಷ್ಯ ಎಂದು ಗುಡ್ಡೆ ಹಾಕಿತು. ಹಣೆ ತುಂಬ ವಿಭೂತಿ, ತಲೆಗೆ ಬಿಳಿ ಟೋಪಿ. ಅದಕ್ಕೆ ಅಷ್ಟೇ ಕಂಡಿದ್ದು. ಆಮೇಲೆ ಅಪ್ಪನ ಮುಖವನ್ನೂ ದೊಡ್ಡಪ್ಪನ ಮುಖವನ್ನೂ ಅಕ್ಕಪಕ್ಕ ಇಟ್ಟು, ಇವರಿಬ್ಬರೂ ಒಬ್ಬರೇ ಹೌದೋ ಅಲ್ಲವೋ ಎಂದು ಕೇಳಿತು. ನಾನು ಓದಿ ಹೇಳಿದೆ. ಅವ್ವ ನೇರ ಲ್ಯಾಪ್‌ಟಾಪಿಗೇ ಉತ್ತರ ಕೊಟ್ಟಳು: "ಲೇ, ಅವ ನಮ್ಮ ಬಾವ, ಇವ ನನ್ನ ಗಂಡ. ಇಬ್ಬರೂ ಒಬ್ಬನಾ ಅಂತ ಕೇಳ್ತಿಯಲ್ಲ, ನಾಚ್ಕಿ ಬರಂಗಿಲ್ಲೇನು ನಿನಗ?" ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ತಾರೀಖಿನದು ಇನ್ನೊಂದು ಗೋಳು. ನಮ್ಮ ಮನೆಯ ಶಾಲೆ ಕಂಡ ಹಿರಿಯರೆಲ್ಲ ಜೂನ್ ಒಂದರಂದು ಹುಟ್ಟಿದವರು, ಯಾಕೆಂದರೆ ಶಾಲೆಗೆ ಹಾಕುವಾಗ ಹೆಡ್‌ಮಾಸ್ತರರು ಬರೆದುಕೊಂಡ ತಾರೀಖು ಅದು. ನಮ್ಮ ಫೋಟೋಗಳೆಲ್ಲ ಜನವರಿ ಒಂದರಂದು ಹುಟ್ಟಿದವು. ತಮ್ಮನ ಹಳೆಯ ಫೋನಿನ ಬ್ಯಾಟರಿ ಸತ್ತು ಎದ್ದಾಗಲೆಲ್ಲ ಅದರ ಕ್ಯಾಲೆಂಡರು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಯುಗಾದಿಯೂ ಜನವರಿ ಒಂದು, ದೀಪಾವಳಿಯೂ ಜನವರಿ ಒಂದು. ವರ್ಷ ತಿಂಗಳು ಎಂದು ನಾನು ಕಟ್ಟಿದ ಫೋಲ್ಡರುಗಳು ಖಾಲಿ ಕುಳಿತವು. ಸಿಟ್ಟಿನಿಂದ ಲ್ಯಾಪ್‌ಟಾಪು ಮುಚ್ಚಿಬಿಟ್ಟೆ.

"ತೆಗಿ ಅದನ್ನ. ನಾ ಹೇಳ್ತೀನಿ," ಎಂದಳು ಅವ್ವ.

ಅವ್ವ ಶಾಲೆಯ ಮುಖ ನೋಡಿದವಳಲ್ಲ. ಆದರೆ ಫೋಟೋದಲ್ಲಿ ಮನುಷ್ಯರನ್ನು ಬಿಟ್ಟು ಹಿಂದಿನದನ್ನು ನೋಡುವ ಕಣ್ಣು ಅವಳದು. "ಹಿಂದ ಸಸಿ ಹಚ್ಚಾಕತ್ತಾರ ನೋಡು. ಅಂದ್ರ ಕಾಲುವಿಗೆ ನೀರು ಬಿಟ್ಟಾರ. ಶ್ರಾವಣ ಇದು." "ಈ ಸೀರಿ ನಿನ್ನ ಉಡಿ ತುಂಬಾಕಂತ ತಂದಿದ್ದು. ಹೊಸದೈತಿ ಇನ್ನ." "ಈ ಎಮ್ಮಿ ಗಬ್ಬ ಐತಿ. ಅದು ಈದಿದ್ದು ನಿಮ್ಮ ತಮ್ಮನ ಲಗ್ನದ ಮುಂದ." ಅವಳು ಹೇಳಿದಂತೆ ನಾನು ಹಾಕುತ್ತ ಹೋದೆ. ಒಂದು ಮದುವೆಯ ಕಾರ್ಡಿನ ಫೋಟೋ ಸಿಕ್ಕಾಗ ತಾಳೆ ಹಾಕಿ ನೋಡಿದೆ: ಅವಳ ಲೆಕ್ಕ ಬರೋಬ್ಬರಿ! ಆಮೇಲೆ ನನಗೆ ಹುಚ್ಚೇ ಹಿಡಿಯಿತು. ಊಟ ಮರೆತು, ಫ್ಯಾನಿನ ಕೆಳಗೆ ಚಾಪೆ ಹಾಸಿಕೊಂಡು, ಮೂರು ದಿನ ತಾಯಿ ಮಗಳು ಎದ್ದಿದ್ದೇ ಕಡಿಮೆ. "ಮುಂದಿಂದು ಹಾಕು, ಜಲ್ದಿ ಹಾಕು," ಎಂದು ಅವಳೇ ನನ್ನನ್ನು ತಿವಿಯುತ್ತಿದ್ದಳು.

ನಾಲ್ಕನೆಯ ದಿನ ಮಧ್ಯಾಹ್ನ ಆ ಫೋಟೋ ಬಂತು. ಲಿಂಗಸುಗೂರಿನ ಆಸ್ಪತ್ರೆಯ ಪಡಸಾಲೆ, ಅಲ್ಲೊಂದು ಸಿಮೆಂಟಿನ ಕಟ್ಟೆ. ಅದರ ಮೇಲೆ ಅವ್ವನ ತಾಯಿ, ನಮ್ಮ ಅಜ್ಜಿ. ತೊಡೆಯ ಮೇಲೆ ಹಳೆಯ ಹಸಿರು ಸೀರೆಯಲ್ಲಿ ಸುತ್ತಿದ ಹಸಿಗೂಸು. ಕೂಸಿನ ಮುಖ ಅಲುಗಾಡಿ ಮಸುಕಾಗಿತ್ತು. ತಾರೀಖು, ಮತ್ತೇನು, ಜನವರಿ ಒಂದು.

"ಅವ್ವಾ, ಇದು ನನ್ನ ಮಗಳೇನ?"

ಅವ್ವನ ನಗು ನಿಂತುಹೋಯಿತು. "ಅಲ್ಲ. ನಿಮ್ಮಕ್ಕನ ಮಗ ಇದು. ಮುಂದಿಂದು ಹಾಕು."

ಇದನ್ನು ಬಿಡಿಸಿ ಹೇಳಬೇಕು. ಅಕ್ಕನ ಹೆರಿಗೆಯೂ, ಒಂದು ವರ್ಷದ ಮೇಲೆ ನನ್ನದೂ ಅದೇ ಆಸ್ಪತ್ರೆಯಲ್ಲಿ ಆದವು. ಎರಡೂ ಕೂಸುಗಳನ್ನು ಸುತ್ತಿದ್ದು ಅಜ್ಜಿಯ ಅದೇ ಹಳೆಯ ಸೀರೆಯಲ್ಲಿ. ಎರಡೂ ಸಲ ತಮ್ಮನ ಆ ಹಳೆಯ ಫೋನು ಆಸ್ಪತ್ರೆಯಲ್ಲಿ ಮನೆಯವರೆಲ್ಲರ ಕೈಯಲ್ಲೂ ಓಡಾಡಿತ್ತು. ನನ್ನ ಹೆರಿಗೆಯಲ್ಲಿ ಬಿ.ಪಿ. ಏರಿ, ಫಿಟ್ಸ್ ಬಂದು, ನಾನು ಒಂದು ದಿನ ಪೂರ್ತಿ ಎಚ್ಚರವಿಲ್ಲದೆ ಬಿದ್ದಿದ್ದೆ. ಮಗಳು ಹುಟ್ಟಿದ ಎರಡನೆಯ ದಿನ ಬೆಳಿಗ್ಗೆ, ಆಸ್ಪತ್ರೆಯಿಂದ ನಾಲ್ಕು ಓಣಿ ಆಚೆಗಿದ್ದ ತನ್ನ ಮನೆಯಲ್ಲಿ ಅಜ್ಜಿ ತೀರಿಕೊಂಡಳು. ಹನ್ನೊಂದು ವರ್ಷದಿಂದ ನಮ್ಮವ್ವನಿಗೆ ಒಂದೇ ಕೊರಗು: "ನಾಲ್ಕು ಓಣಿ ಆಚಿಗೆ ಇದ್ಲು ನಮ್ಮವ್ವ. ಕೂಸಿನ್ನ ಒಯ್ದು ಒಂದು ಸಲ ತೋರಿಸಲಿಲ್ಲ ನಾ." ಚಿಕ್ಕಮ್ಮ ಮಾತ್ರ ಅಜ್ಜಿ ನೋಡಿದ್ದಾಳೆ, ತಾನೇ ಕರೆತಂದಿದ್ದೆ ಎಂದು ಹೇಳುತ್ತಲೇ ಬಂದವಳು. ತನ್ನ ಸಮಾಧಾನಕ್ಕೆ ತಂಗಿ ಸುಳ್ಳು ಹೇಳುತ್ತಾಳೆ ಎಂದು ಅವ್ವ ನಂಬಿಬಿಟ್ಟಿದ್ದಳು. ಪ್ರತಿ ವರ್ಷ ಅಜ್ಜಿಯ ತಿಥಿಯ ಊಟದಲ್ಲಿ ಈ ಮಾತು ಬಂದು, ಒಬ್ಬರು ಎಲೆ ಬಿಟ್ಟು ಏಳುವುದು ಇದ್ದದ್ದೇ. ಆ ಕೊರಗಿಗೆ ಕಾರಣ ನಾನು ಎಂಬುದು ನನ್ನನ್ನೂ ಒಳಗೊಳಗೇ ತಿಂದಿತ್ತು.

ಮುಂದಿನದು ಹಾಕಲಿಲ್ಲ. ಹಟ್ಟಿಗೆ ಫೋನ್ ಹಚ್ಚಿ, ಚಿಕ್ಕಮ್ಮನ ದನಿ ಇಬ್ಬರಿಗೂ ಕೇಳುವಂತೆ ಚಾಪೆಯ ಮೇಲಿಟ್ಟೆ.

"ಅಕ್ಕಾ, ನಾ ಆಣಿ ಮಾಡಿ ಹೇಳ್ತೀನಿ," ಎಂದಳು ಚಿಕ್ಕಮ್ಮ. "ನಾನ ಆಟೋದಾಗ ಕುಂದ್ರಿಸ್ಕೊಂಡು ಬಂದಿದ್ದೆ. ನರ್ಸಮ್ಮ ಕೂಸಿನ್ನ ತಂದು ಕೊಟ್ಲು, ಅವ್ವನ ತೊಡಿ ಮ್ಯಾಲ ಹಾಕಿ ಆಟೋದವನ್ನ ನಿಂದ್ರಿಸಾಕ ಹೊರಗ ಹೋದೆ."

"ಬಂದಿದ್ರ ನನಗ ಕಾಣ್ತಿರಲಿಲ್ಲೇನು? ನಾ ಅಲ್ಲೇ ಇದ್ನೆಲ್ಲ!"

"ನೀ ಅಲ್ಲಿದ್ದಿ. ನಿನ್ನ ಜೀವ ಎಲ್ಲಿತ್ತು? ಆ ಆಪರೇಶನ್ ಕೋಲಿ ಬಾಗಿಲದಾಗ ಇತ್ತು."

"ಸಾಕು ಬಿಡು. ಸತ್ತಾಕಿ ಹೆಸರಿನ ಮ್ಯಾಲ ಸುಳ್ಳು ಹೇಳಬ್ಯಾಡ."

ಇಬ್ಬರೂ ಅರವತ್ತರ ಆಚೀಚಿನವರು, ಜಗಳ ಮಾತ್ರ ಲಂಗ ಉಡುವ ಹುಡುಗಿಯರದು. ಇಬ್ಬರನ್ನೂ ಅವರ ಪಾಡಿಗೆ ಬಿಟ್ಟು ನಾನು ಆ ಫೋಟೋದ ಫೈಲಿನ ಹೆಸರು ನೋಡಿದೆ. ಆರುನೂರ ನಲವತ್ತು. ತಕ್ಷಣ ತಲೆಯಲ್ಲಿ ಏನೋ ಹೊಳೆಯಿತು. ಆ ಫೋನು ತಾರೀಖು ಮರೆಯುತ್ತಿತ್ತು, ಎಣಿಕೆ ಮರೆಯುತ್ತಿರಲಿಲ್ಲ! ಪ್ರತಿ ಫೋಟೋಕ್ಕೂ ಒಂದು ನಂಬರು ಕೂಡಿಸುತ್ತ ಹೋಗಿತ್ತು. ಅಕ್ಕನ ಮಗನನ್ನು ತೊಟ್ಟಿಲಿಗೆ ಹಾಕಿದ ಫೋಟೋಗಳನ್ನು ಹುಡುಕಿದೆ: ಇನ್ನೂರರ ಆಸುಪಾಸು. ನನ್ನ ಮಗಳ ತೊಟ್ಟಿಲು: ಆರುನೂರ ಐವತ್ತರಿಂದ ಶುರು. ಈ ಫೋಟೋ ಅದಕ್ಕಿಂತ ಬರೀ ಹತ್ತು ನಂಬರು ಹಿಂದೆ!

"ಅವ್ವಾ, ಇದು ನನ್ನ ಮಗಳು! ಖರೇನ ನನ್ನ ಮಗಳು!" ಎಂದು ಚಾಪೆಯ ಮೇಲೆ ಎದ್ದು ನಿಂತುಬಿಟ್ಟೆ.

"ನಿನ್ನ ನಂಬರು ನನಗ ತಿಳಿಯಂಗಿಲ್ಲ," ಎಂದಳು ಅವ್ವ, ಸಣ್ಣ ದನಿಯಲ್ಲಿ. "ಯಂತ್ರ ಅದು. ಮೊನ್ನೆರ ನಿಮ್ಮಪ್ಪನ್ನೂ ನಿಮ್ಮ ದೊಡ್ಡಪ್ಪನ್ನೂ ಒಬ್ಬನ ಮಾಡಿಟ್ಟಿತ್ತು."

ಆದರೂ ಬಿಡಲು ಮನಸ್ಸಿಲ್ಲ. ಆರುನೂರ ನಲವತ್ತರ ಮುಂದೇನಿದೆ ನೋಡೋಣವೆಂದರೆ ನಲವತ್ತೆರಡು ಇತ್ತು, ಬರೀ ಆಸ್ಪತ್ರೆಯ ಮಾಳಿಗೆ, ಯಾರೋ ಕೈತಪ್ಪಿ ಒತ್ತಿದ್ದು. ನಲವತ್ತೊಂದು ಇರಲಿಲ್ಲ. ಎಣಿಕೆ ತಪ್ಪದ ಫೋನಿನಲ್ಲಿ ಒಂದು ನಂಬರು ಹೋಗುವುದೆಲ್ಲಿ? ಫೋಟೋ ಅಲ್ಲದಿದ್ದರೆ ಅದು ವೀಡಿಯೋ ಆಗಿರಬೇಕು.

ವೀಡಿಯೋ ಎಂದು ಹೊಳೆದದ್ದೇ ನಾನು ಮಾಡಿದ ಕಿತಾಪತಿ ನೆನಪಾಯಿತು. ಅವತ್ತು ಬೆಳಿಗ್ಗೆಯೇ ಆ ಫೋನಿನ ತುಂಡು ವೀಡಿಯೋಗಳನ್ನೆಲ್ಲ ಜಾಗ ತಿನ್ನುತ್ತವೆ ಎಂದು ಲ್ಯಾಪ್‌ಟಾಪಿನ ಕಸದ ಬುಟ್ಟಿಗೆ ಹಾಕಿದ್ದೆ. ಫೋಟೋ ತೆಗೆಯಲು ಹೋಗಿ ವೀಡಿಯೋದ ಗುಂಡಿ ಒತ್ತಿದ್ದವು ಅವು. ಹತ್ತು ಮಂದಿ ಉಸಿರು ಕಟ್ಟಿ ಗೊಂಬೆಗಳಂತೆ ನಿಂತಿರುತ್ತಾರೆ, ಕೊನೆಗೆ ಯಾರೋ "ಆತೇನು?" ಎನ್ನುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಬುಟ್ಟಿ ಪೂರ್ತಿ ಖಾಲಿ ಮಾಡಿದ್ದೆನೋ ಇಲ್ಲವೋ ನೆನಪಾಗಲಿಲ್ಲ. ತೆರೆದೆ. ಇದ್ದವು, ಎಲ್ಲವೂ ಇದ್ದವು! ಆರುನೂರ ಮೂವತ್ತು, ಮೂವತ್ತೆಂಟು, ನಲವತ್ತೊಂದು. ಹದಿಮೂರು ಸೆಕೆಂಡು.

ಒತ್ತಿದೆ.

ಅದೇ ಕಟ್ಟೆ. ಅಜ್ಜಿ ಫೋಟೋಕ್ಕೆಂದು ತುಟಿ ಬಿಗಿಹಿಡಿದು, ಕಣ್ಣು ಮಿಟುಕಿಸದೆ ಕುಳಿತಿದ್ದಾಳೆ. ತೊಡೆಯ ಮೇಲೆ ಹಸಿರು ಗಂಟು. ಫೋನ್ ಹಿಡಿದವರ ಕೈ ನಡುಗುತ್ತಿದೆ. ಆ ಕೈಯ ಹಿಂದಿನಿಂದ ಒಂದು ದನಿ, ಅತ್ತು ಅತ್ತು ಒಡೆದ ದನಿ: "ಅವ್ವಾ, ಇತ್ತ ನೋಡು. ಹೆಣ್ಣು ಹುಟ್ಟೇತಿ ನೋಡವ್ವಾ. ಕೂಸಿನ್ನ ನೋಡಿದೇನು?"

ಅದು ನಮ್ಮವ್ವನ ದನಿ.

ಅಜ್ಜಿ ಕೂಸಿನ ಮೇಲೆ ಕೈಯಿಟ್ಟಳು. "ನೋಡೀನಿ. ಲಕ್ಷಣ ಅದಾಳ. ನೀ ಇಲ್ಲೇನ ಮಾಡ್ತಿ? ನಿನ್ನ ಮಗಳ ಹತ್ರ ಹೋಗು. ಹೋಗು ನೀ."

ಚಿತ್ರ ವಾಲಿತು. ನೆಲ ಕಂಡಿತು, ಸೀರೆಯ ಅಂಚು ಕಂಡಿತು, ಚಪ್ಪಲಿಯಿಲ್ಲದ ಎರಡು ಪಾದ ಓಡುವುದು ಕಂಡಿತು. ಮುಗಿಯಿತು.

ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ, ಖುಷಿಗೋ ಯಾಕೋ ನನಗೇ ತಿಳಿಯಲಿಲ್ಲ. ಅವ್ವ ಅಳಲಿಲ್ಲ. "ಇನ್ನೊಮ್ಮೆ ಹಚ್ಚು," ಎಂದಳು. ಹಚ್ಚಿದೆ. "ಇನ್ನೊಮ್ಮೆ." ಮೂರನೆಯ ಸಲ ಮುಗಿದಾಗ ಚಾಪೆಯ ಮೇಲಿನ ಫೋನಿನಿಂದ ಚಿಕ್ಕಮ್ಮನ ದನಿ ಬಂತು. ಅವಳು ಇನ್ನೂ ಅಲ್ಲೇ ಇದ್ದಾಳೆ ಎಂಬುದನ್ನು ನಾವು ಮರೆತೇಬಿಟ್ಟಿದ್ದೆವು.

"ಅಕ್ಕಾ, ಅದು ನಮ್ಮವ್ವನ ದನಿ ಅಲ್ಲೇನು?"

"ಹೌದು."

"ಹನ್ನೊಂದು ವರ್ಷ ಆತು ಕೇಳಿ," ಎಂದಳು ಚಿಕ್ಕಮ್ಮ. ನಾ ಹೇಳಿದ್ದು ಖರೆ ಆತೇನು ಎಂದು ಅವಳು ಕೇಳುತ್ತಾಳೆಂದು ಕಾದೆ. ಕೇಳಲಿಲ್ಲ. ಆ ಕಡೆ ಮೂಗು ಒರೆಸಿಕೊಳ್ಳುವ ಸಪ್ಪಳವಷ್ಟೇ ಬಂತು.

ಅವ್ವ ಫೋನನ್ನು ಎರಡೂ ಕೈಯಿಂದ ಎತ್ತಿಕೊಂಡಳು. "ಹುಡುಗಿ ಎಲ್ಲಿ ಹೋಗ್ಯಾಳ? ಅಕಿ ಕೈಯಾಗ ಕೊಡು. ಜಲ್ದಿ ಕೊಡು."

ಮಗಳು ಆಟದ ನಡುವಿನಿಂದ ಓಡಿಬಂದಿರಬೇಕು, ಏದುಸಿರು ಬಿಡುತ್ತ, "ಏನ ಅಜ್ಜಿ?" ಎಂದಳು.

"ಏನಿಲ್ಲವ್ವ," ಎಂದಳು ಅವ್ವ, ಓಣಿಗೆಲ್ಲ ಕೇಳುವಷ್ಟು ಜೋರಾಗಿ. "ನಿನ್ನ ನಮ್ಮವ್ವ ನೋಡ್ಯಾಳ. ನಾನ ತೋರಿಸೀನಿ."