ಕಾದಂಬರಿಯ ಸೋದರತ್ತೆ

ರಾಯಚೂರಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಪ್ರತಿ ವರ್ಷ ಅದೇ ಹಳೆಯ ಪ್ರೇಮ ಕಾದಂಬರಿ. ನಾಯಕ ಪುಟಗಟ್ಟಲೆ ಪ್ರೀತಿಯ ಮಾತಾಡುತ್ತಾನೆ, ತನ್ನ ಮನೆಯಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ನಾಯಕಿ ಕಾಯುತ್ತಾಳೆ. ಕೊನೆಗೆ ಅವಳ ಸೋದರತ್ತೆ ಬೇರೆ ಗಂಡು ಗೊತ್ತುಮಾಡಿ, ಉಡಿ ತುಂಬಿ, ಅರ್ಧ ಪುಟದಲ್ಲಿ ಎಲ್ಲ ಮುಗಿಸುತ್ತಾಳೆ. ಈ ಮೂವರೂ ಸಮಾಜದ ನಿರೀಕ್ಷೆಗಳ ಪ್ರತಿನಿಧಿಗಳು ಎಂದು ನೋಟ್ಸ್ ಬರೆಸುತ್ತೇನೆ. ನೀವು ಇವರಲ್ಲಿ ಯಾರು ಎಂದು ಕೇಳಿದರೆ ಹುಡುಗಿಯರೆಲ್ಲ ನಾಯಕಿ ಅನ್ನುತ್ತಾರೆ. ಸೋದರತ್ತೆ ಎಂದವರು ಇದುವರೆಗೆ ಒಬ್ಬರೂ ಇಲ್ಲ.

ಈ ವರ್ಷ ಮಟಮಾರಿಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಆ ನಾಯಕಿ ಒಂದ್ಸಲನಾದ್ರೂ ಬ್ಯಾಡ ಅನ್ನಬೇಕಿತ್ತಲ್ರಿ. ಬಾಯಿ ಇರ್ಲಿಲ್ಲೇನ್ರಿ ಆಕಿಗೆ?"

ತರಗತಿ ನಕ್ಕಿತು. ನನಗೆ ದೇವದುರ್ಗದ ನಮ್ಮ ಮನೆಯ ಪಡಸಾಲೆ ನೆನಪಾಯಿತು.

ನನಗೂ ಬಾಯಿ ಇತ್ತು. ಎಂ.ಎ. ಮುಗಿಯುವವರೆಗೆ ಮದುವೆ ಬೇಡ ಎಂದು ಅವ್ವನಿಗೆ ಹೇಳಿಯೇ ಮಾನ್ವಿಯಿಂದ ನೋಡಲು ಬಂದವರ ಮುಂದೆ ಕೂತಿದ್ದೆ. ಚಹಾ ಆಯಿತು. ಹುಡುಗನ ತಾಯಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಬಟ್ಟೆ ಹಿಡಿದು ಎದ್ದರು. "ಬಾ ಯವ್ವಾ," ಎಂದರು. ನಮ್ಮಲ್ಲಿ ನೋಡಲು ಬಂದವರಿಂದ ಉಡಿ ತುಂಬಿಸಿಕೊಂಡರೆ ಹೆಣ್ಣು ಒಪ್ಪಿದಂತೆ. ಅದು ನನಗೆ ಗೊತ್ತಿತ್ತು. ಆದರೆ ಹಿರಿಯರು ಅಕ್ಕಿ ಹಿಡಿದು ಬಂದಾಗ ಬೆನ್ನು ತಿರುಗಿಸಬಾರದು, ಉಡಿ ಒಡ್ಡಬೇಕು ಎಂದು ನಾನಿನ್ನೂ ಲಂಗ ಹಾಕುತ್ತಿದ್ದಾಗಲೇ ಅವ್ವ ನೀರಮಾನ್ವಿ ಎಲ್ಲಮ್ಮನ ಗುಡಿಯಲ್ಲಿ ಕಲಿಸಿದ್ದಳು. ಕೈಗಳು ತಾವಾಗಿಯೇ ಸೆರಗು ಹಿಡಿದವು. ಬೇಡ ಎನ್ನುವುದು ಬಾಯಿಗೆ ಬರುವಷ್ಟರಲ್ಲಿ ಉಡಿ ಭಾರವಾಗಿತ್ತು.

ಅವತ್ತು ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಜೋಮು ಹಿಡಿದ ಕಾಲಿನ ಹಾಗೆ ಇದ್ದೆ. ಗಂಡ ಕೆಟ್ಟವನಲ್ಲ. ಎಂ.ಎ. ಆಮೇಲೆ, ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಓದಿದೆ. ಜೋಮು ಮಾತ್ರ ಪೂರ್ತಿ ಬಿಡಲಿಲ್ಲ.

"ಬಾಯಿ ಇತ್ತು," ಎಂದು ಹುಡುಗಿಗೆ ಹೇಳಿ ಪಾಠ ಮುಂದುವರಿಸಿದೆ.

ಬೆಲ್ ಆದ ಮೇಲೆ ಅವಳು ವರಾಂಡದಲ್ಲಿ ಕಾಯುತ್ತಿದ್ದಳು. "ಐತವಾರ ನನ್ನ ನೋಡಾಕ ಬರಾಕತ್ತಾರ್ರಿ, ಅಕ್ಕಿ ಮಿಲ್ಲಿನವ್ರು. ನಾ ಬಿ.ಎಡ್. ಮಾಡಬೇಕ್ರಿ. ನಮ್ಮಪ್ಪ ನನ್ನ ಮಾತು ಕೇಳಂಗಿಲ್ಲ. ನೀವು ಬಂದು ಹೇಳ್ರಿ."

ಭಾನುವಾರ ಮಟಮಾರಿಗೆ ಹೋದೆ. ಗಂಡಿನ ಕಡೆಯವರು ಒಳ್ಳೆಯ ಜನ, ನನಗೇ ಮೊದಲು ಚಹಾ ಕೊಡಿಸಿದರು. "ಇನ್ನೆರಡು ವರ್ಷ ತಡೀರಿ, ಹುಡುಗಿ ಓದ್ಲಿ," ಎಂದೆ.

ಹುಡುಗನ ತಾಯಿ ನಕ್ಕರು. "ಮದಿವಿ ಆದಮ್ಯಾಲೂ ಓದಬಹುದಲ್ರಿ. ನೀವು ಓದಿಲ್ಲೇನು? ನೌಕರಿ ಮಾಡಾಕತ್ತಿಲ್ಲೇನು?"

ಹುಡುಗಿಯ ಅಪ್ಪನ ಮುಖ ಅರಳಿತು. ಕೂತವರೆಲ್ಲ ಹೌದು ಹೌದು ಎಂದರು. ನನ್ನ ಬದುಕೇ ಅವರ ಕಡೆಯ ಸಾಕ್ಷಿಯಾಗಿ ನಿಂತಿತ್ತು. ಅದು ಹಾಗಲ್ಲ ಎಂದು ಹೇಳಬೇಕಿತ್ತು.

ಅಷ್ಟರಲ್ಲಿ ಹುಡುಗನ ತಾಯಿ ಅಕ್ಕಿಯ ತಟ್ಟೆಯನ್ನು ನನ್ನ ಮುಂದೆ ಹಿಡಿದರು. "ಅಕ್ಷರ ಕಲಿಸಿದವ್ರು ನೀವು. ಮೊದ್ಲು ನಿಮ್ಮ ಕೈಲೆ ಆಗ್ಲಿ, ತುಂಬ್ರಿ."

ಉಡಿ ತುಂಬು ಎಂದು ಕರೆದರೆ ಮುತ್ತೈದೆ ಒಲ್ಲೆ ಅನ್ನಬಾರದು. ಇದನ್ನೂ ಅವ್ವನೇ ಕಲಿಸಿದ್ದು. ನನ್ನ ಕೈ ಅಕ್ಕಿಗೆ ಹೋಯಿತು.

ಹುಡುಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ನನಗೆ ಇಷ್ಟು ಧೈರ್ಯ ಇರಲಿಲ್ಲ. ಅವಳ ಅವ್ವ ಮೆಲ್ಲಗೆ ಬೆನ್ನು ತಟ್ಟಿದರು, ಅವಳು ಅಲ್ಲಾಡಲಿಲ್ಲ. ಆಮೇಲೆ ತಲೆ ಎತ್ತಿದಳು. ಬೊಗಸೆ ತುಂಬ ಅಕ್ಕಿ ಹಿಡಿದು ಎದುರಿಗೆ ನಿಂತವಳು ನಾನು ಎಂದು ಕಂಡಳು.

ಕೈಗಳು ಮುಂದೆ ಬಂದವು. ಸೆರಗು ಒಡ್ಡಿದಳು. ನಾನು ತುಂಬಿದೆ.