ಅವ್ವ ತವರಿಗೆ ಹೋದಾಗ

ಅಜ್ಜಂಪುರದ ಪಕ್ಕದ ನಮ್ಮ ಹಳ್ಳಿಯಲ್ಲಿ ಗಂಡುಮಕ್ಕಳು ಒಲೆಯ ಮುಂದೆ ಕೂರುವುದನ್ನು ಆಗ ಯಾರೂ ಕಂಡಿರಲಿಲ್ಲ. ಮಹಾರಾಜರ ಕಾಲ ಅದು. ಅಣ್ಣನಿಗೆ ಹನ್ನೊಂದೋ ಹನ್ನೆರಡೋ ಇರಬೇಕು, ನಾನು ಅವನಿಗಿಂತ ಚಿಕ್ಕವಳು. ಇಬ್ಬರನ್ನೂ ಜೊತೆಗೆ ಕೂರಿಸಿಕೊಂಡು ಅವ್ವ ಮುದ್ದೆ ತಿರುವುವುದನ್ನು ಕಲಿಸುತ್ತಿದ್ದಳು. ಅಪ್ಪನ ತಾಯಿ, ನಮ್ಮಜ್ಜಿ, ಬಾಗಿಲಲ್ಲಿ ಕೂತು ಗೊಣಗುತ್ತಿದ್ದಳು.

“ಗಂಡುಡ್ಗನ ಕೈಗೆ ಕೋಲು ಕೊಡ್ತೀಯಲ್ಲೇ. ನಾಳೆ ಇವನ ಹೆಂಡ್ತಿ ಬಂದು ಏನ್ ಮಾಡ್ತಾಳೆ?”

“ಉಣ್ತಾಳೆ ಬಿಡಿ ಅತ್ತೆ,” ಎನ್ನುತ್ತಿದ್ದಳು ಅವ್ವ.

ಅವ್ವ ಲಿಂಗದಹಳ್ಳಿಯವಳು. ಒಬ್ಬಳೇ ಮಗಳೆಂದು ತವರಿನಲ್ಲಿ ಅವಳಿಂದ ಒಂದು ಕಡ್ಡಿಯನ್ನೂ ಎತ್ತಿಡಿಸಿರಲಿಲ್ಲವಂತೆ. ಮದುವೆಯಾಗಿ ಬಂದ ಹೊಸದರಲ್ಲಿ ಹಿಟ್ಟು ಗಂಟುಗಂಟಾಗಿ, ಒಲೆ ಹೊತ್ತದೆ, ಹಿತ್ತಲಿಗೆ ಹೋಗಿ ಅತ್ತದ್ದನ್ನು ನಮಗೆ ಆಗಾಗ ಹೇಳುತ್ತಿದ್ದಳು. “ನನ್ ಮಕ್ಳು ಎಲ್ಲೋದ್ರೂ ಸುಮ್ನೆ ಕೈ ಕಟ್ಕೊಂಡು ನಿಂತ್ಕೋಬಾರ್ದು,” ಎಂಬುದೊಂದೇ ಅವಳ ಆಸೆ.

ಒಂದು ದಿನ ಲಿಂಗದಹಳ್ಳಿಯಿಂದ ಗಾಡಿ ಬಂತು. ಅವ್ವನ ತಾಯಿಗೆ ಜ್ವರ ಬಿಡುತ್ತಿಲ್ಲ ಎಂದು ಗಾಡಿಯವನು ಹೇಳಿದ. ಅವ್ವ ಎರಡು ಸೀರೆ ಗಂಟು ಕಟ್ಟಿಕೊಂಡು ಹೊರಟಳು. ಅಜ್ಜಿಗೆ ಕೀಲುನೋವು, ಕೈಯಲ್ಲಿ ಪಾತ್ರೆ ಹಿಡಿಯಲಾಗದು. ಗಾಡಿ ಹತ್ತುವಾಗ ಅವ್ವ ನಮಗೆ ಹೇಳಿದ್ದು ಇಷ್ಟೇ: “ಹಿಟ್ಟೈತೆ, ಸೌದೆ ಐತೆ. ಮಿಕ್ಕಿದ್ದು ನಿಮ್ಗೆ ಗೊತ್ತೈತಲ್ಲ.”

ಸಂಜೆ ಅಪ್ಪ ತೆಂಗಿನ ತೋಟದಿಂದ ಬಂದು, ಕಾಲು ತೊಳೆದು, ತಟ್ಟೆಯ ಮುಂದೆ ಕೂತ. ಅಣ್ಣ ಮುದ್ದೆ ಇಟ್ಟ. ನಾನು ಹುರುಳಿ ಸಾರು ಬಿಟ್ಟೆ. ಸಾರಿಗೆ ಉಪ್ಪು ಹಾಕುವುದೇ ಮರೆತಿದ್ದೆ. ಅಪ್ಪ ಹಾಗೆಯೇ ಉಂಡ. ನಡುವೆ ಅಭ್ಯಾಸದಂತೆ “ನೀರು” ಎಂದ. ಅಣ್ಣ ಇನ್ನೊಂದು ಮುದ್ದೆ ಕಟ್ಟುತ್ತಿದ್ದ, ನಾನು ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತ ಒಲೆ ಊದುತ್ತಿದ್ದೆ. ಅಪ್ಪ ಸ್ವಲ್ಪ ಹೊತ್ತು ನಮ್ಮನ್ನೇ ನೋಡಿದ. ಆಮೇಲೆ ತಾನೇ ಎದ್ದು ಒಳಗೆಲ್ಲ ತಡಕಾಡಿ, ಮೆಲ್ಲಗೆ ಕೇಳಿದ:

“ಚೆಂಬು ಎಲ್ಲಿಡ್ತೀರವ್ವಾ?”

ತನ್ನ ಮನೆಯಲ್ಲಿ ಚೆಂಬು ಎಲ್ಲಿರುತ್ತದೆಂದು ಅಪ್ಪನಿಗೆ ಗೊತ್ತಿರಲಿಲ್ಲ. ನಾನು ಬೆರಳು ತೋರಿಸಿದೆ. ಅಣ್ಣ ನಗು ತಡೆಯಲು ಮುಖ ತಿರುಗಿಸಿದ.

ಮರುದಿನ ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಹಂಡೆ ತುಂಬಿತ್ತು. ಅಪ್ಪನೇ ಬಾವಿಯಿಂದ ನೀರು ಸೇದಿ ತಂದಿದ್ದ. ಕೆಲವು ದಿನ ಕಳೆದ ಮೇಲೆ, “ಕೊಡಿಲ್ಲಿ, ನಾನೂ ಒಂದ್ಸಲ ನೋಡ್ತೀನಿ,” ಎಂದು ಅಣ್ಣನ ಕೈಯಿಂದ ಕೋಲು ತೆಗೆದುಕೊಂಡ. ಕುದಿಯುವ ಹಿಟ್ಟು ಕೈಗೆ ಸಿಡಿಯಿತು. ಅಜ್ಜಿ ಬೈಯುತ್ತಾಳೆಂದು ನಾವು ಹೆದರಿ ಕೂತಿದ್ದೆವು. ಅವಳು ಗೋಡೆ ಹಿಡಿದು ಒಳಗೆ ಬಂದು, ಮಗನ ಪಕ್ಕದಲ್ಲೇ ಕೂತಳು.

“ಮೇಲೆ ಮೇಲೆ ಆಡಿಸ್ಬೇಡ. ತಳಕ್ಕೊತ್ತಿ ತಿರುವು ಕಣೋ.”

ಆ ಮುದ್ದೆಯಲ್ಲಿ ಗಂಟುಗಳಿದ್ದವು. ಅಜ್ಜಿ ಅದನ್ನೇ ಕೇಳಿ ಹಾಕಿಸಿಕೊಂಡು ಉಂಡಳು.

ತಾಯಿಗೆ ಗುಣವಾದ ಮೇಲೆ ಅವ್ವ ಹಿಂದಿರುಗಿದಳು. ನಾವು ಅವಳನ್ನು ಒಲೆಯ ಹತ್ತಿರಕ್ಕೂ ಬಿಡಲಿಲ್ಲ. ಅಣ್ಣ ಬಡಿಸಿದ, ಅಪ್ಪ ನೀರಿಟ್ಟ. ಅವ್ವ ಅಪ್ಪನ ಮುಖ ನೋಡಿದಳು, ಚೆಂಬು ನೋಡಿದಳು, ತಟ್ಟೆಗೆ ಕೈ ಹಾಕಿದಳು. ಉಂಡಾದ ಮೇಲೆ ಮನೆಯೆಲ್ಲ ಒಮ್ಮೆ ಸುತ್ತಿದಳು. ಪಾತ್ರೆ ಬೆಳಗಿಯಾಗಿತ್ತು, ಕಸ ಗುಡಿಸಿಯಾಗಿತ್ತು. ಮಾಡಲು ಯಾವ ಕೆಲಸವೂ ಸಿಗದೆ ಹಿತ್ತಲ ಬಾಗಿಲಲ್ಲಿ ಕೂತು ನನ್ನನ್ನು ಕರೆದಳು.

“ಜಡೆ ಯಾರ್ ಹಾಕಿದ್ದು?”

“ನಾನೇ ಕಣವ್ವ.”

“ಚೆನ್ನಾಗೇ ಹಾಕ್ಕೊಂಡಿದೀಯ,” ಎಂದಳು. ಮೆಲ್ಲಗೆ ಜಡೆ ಹಿಡಿದೆಳೆದು, “ಆದ್ರೂ ಕೂತ್ಕೋ ಬಾ,” ಎಂದಳು.

ನಾನು ಅವಳ ಮೊಣಕಾಲ ನಡುವೆ ಕೂತೆ. ಅವಳು ಜಡೆಯನ್ನು ಪೂರ್ತಿ ಬಿಚ್ಚಿ, ಹರಳೆಣ್ಣೆ ಹಚ್ಚಿ, ಸಿಕ್ಕೇ ಇಲ್ಲದ ಕೂದಲನ್ನು ಹೊತ್ತು ಇಳಿಯುವತನಕ ಬಾಚಿದಳು.